ಮೇಲಿನ ಕಿಂಡಿ, ಕೆಳಗಿನ ಕಿಂಡಿ

ಆ ಮನೆಯಲ್ಲಿ ಮಾತಿಗಿಂತ ಮುಂಚೆ ಕೈ ಬರುತ್ತಿತ್ತು. ಅದರಲ್ಲಿ ಯಾರಿಗೂ ನಾಚಿಕೆ ಇರಲಿಲ್ಲ. ಹಿತ್ತಾಳೆ ಎರಕದವರ ಮನೆ. ಕರಗಿಸುವುದು, ಹೊಯ್ಯುವುದು, ಬಡಿಯುವುದು ಇವೇ ಕಸುಬು. ಹಗಲೆಲ್ಲ ಲೋಹ ಬಡಿದ ಕೈ ಸಂಜೆ ತೊಡೆಯ ಮೇಲೆ ಸುಮ್ಮನೆ ಕೂತಿರು ಎಂದರೆ ಕೂತೀತೇ ಎಂದು ಬೀದಿಯವರೇ ಅವರ ಪರವಾಗಿ ವಕಾಲತ್ತು ವಹಿಸುತ್ತಿದ್ದರು. ಬೀದಿಯವರಿಗೇನು, ಏಟು ಅವರಿಗೆ ಬೀಳುತ್ತಿರಲಿಲ್ಲ.

ಅಪ್ಪನ ಕಾಲದಲ್ಲಂತೂ ದಂಡಂ ದಶಗುಣಂ. ಒದ್ದೆ ಇಕ್ಕಳವನ್ನು ಹಿತ್ತಾಳೆ ಕರಗಿಸುವ ಕಾದ ಮೂಸೆಯ ಹತ್ತಿರ ತಂದರೆ ಏಟು. ನೆಲದಲ್ಲಿ ನೀರು ಚೆಲ್ಲಿದರೆ ಏಟು. ಯಾಕಪ್ಪಾ ಎಂದು ಕೇಳಿದರೆ ಎರಡನೆಯದು. ಅಪ್ಪ ಕೆಟ್ಟವನಲ್ಲ, ಕಸುಬಿನಲ್ಲಿ ಅವನ ಸಮ ಬರುವವರು ಆ ಕಡೆ ಯಾರೂ ಇರಲಿಲ್ಲ. ಆದರೆ ತನಗೆ ಗೊತ್ತಿದ್ದದ್ದನ್ನೆಲ್ಲ ಅವನು ಮಕ್ಕಳ ಕೆನ್ನೆಯ ಮೇಲೆ ಬರೆದಿಟ್ಟು ಹೋದ. ಕೆನ್ನೆಯ ಮೇಲೆ ಬರೆದದ್ದನ್ನು ಅವರವರೇ ಓದಿಕೊಳ್ಳುವುದು ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ.

ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ಕಿಂಡಿಯ ವಿಷಯಕ್ಕೆ.

ಕುಲುಮೆಯ ಕೋಣೆ ಮನೆಯ ಹಿಂಭಾಗದಲ್ಲಿತ್ತು. ಒಂದೇ ಒಂದು ಗೋಡೆ ಅಂಗಳಕ್ಕೆ ತೆರೆದಿತ್ತು, ಆ ಗೋಡೆಯಲ್ಲಿ ಎರಡು ಕಿಂಡಿ. ಒಂದು ಚಾವಣಿಗೆ ಗೇಣು ಕೆಳಗೆ, ಇನ್ನೊಂದು ನೆಲಕ್ಕೆ ಗೇಣು ಮೇಲೆ. ಒಂದು ಕೊಡ ತೂರುವಷ್ಟು ಅಗಲ, ಬಾಗಿಲಿಲ್ಲ, ಪರದೆಯಿಲ್ಲ, ಬರೀ ತಂತಿ ಬಲೆ. ಇದ್ದಿಲು ಬಿಟ್ಟು ಗ್ಯಾಸಿಗೆ ಬಂದ ಮೇಲೆ ಅಪ್ಪ ತಾನೇ ನಿಂತು ಗೋಡೆ ಒಡೆದು ಅವನ್ನು ಮಾಡಿದ್ದ. ದಿನಾ ಬೆಳಿಗ್ಗೆ ಬರ್ನರ್ ಹೊತ್ತಿಸುವ ಮೊದಲು ಒಂದು ಬಟ್ಟೆಯ ಚೂರನ್ನು ಕಿಂಡಿಗೆ ಹಿಡಿದು ಅದು ಯಾವ ಕಡೆ ಹಾರುತ್ತದೆ ಎಂದು ನೋಡುತ್ತಿದ್ದ. ಚಳಿಗಾಲದಲ್ಲಿ ಕೆಳಗಿನ ಕಿಂಡಿಯಿಂದ ಬರುವ ಗಾಳಿ ಕಣಕಾಲು ಕೊಯ್ಯುತ್ತಿತ್ತು. ಕಿರಿಯ ಮಗ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು, ಕಾಲಿಗೆ ಚಳಿಯಾಯಿತೆಂದು ತನ್ನ ಶಾಲೆಯ ಚೀಲವನ್ನು ಆ ಕಿಂಡಿಗೆ ಒರಗಿಸಿ ಕೂತ. ಅಪ್ಪ ನೋಡಿದ. ಚೀಲ ಅಂಗಳಕ್ಕೆ ಹಾರಿತು, ಹುಡುಗ ಗೋಡೆಗೆ ಹಾರಿದ. ಎಡಗಿವಿಯಿಂದ ರಕ್ತ ಬಂತು. ಆಮೇಲೆ ಆ ಕಿವಿಯಲ್ಲಿ ದುಂಬಿ ಗುಂಯ್ಗುಡುವುದು ಬಿಟ್ಟರೆ ಬೇರೇನೂ ಕೇಳಿಸಲಿಲ್ಲ. ಬೀದಿಯ ಜನ ಅವನಿಗೆ ಒಂಟಿಕಿವಿ ಎಂದು ಹೆಸರಿಟ್ಟರು. ಅವನು ಬೆಳೆದು ಮೀಸೆ ಬಂದು, ಪಾಲಿಶ್ ಕೆಲಸದಲ್ಲಿ ಪಳಗಿದರೂ ಹೆಸರು ಮಾತ್ರ ಅದೇ ಉಳಿಯಿತು.

ಚೀಲ ಯಾಕೆ ಅಲ್ಲಿರಬಾರದು ಎಂದು ಅಪ್ಪ ಅಂದೂ ಹೇಳಲಿಲ್ಲ, ಸಾಯುವಾಗಲೂ ಹೇಳಲಿಲ್ಲ. ಆ ಎರಡು ತೂತುಗಳ ಮೇಲೆ ಆ ಕೋಣೆಯಲ್ಲಿ ನಿಂತವನ ಉಸಿರು ನಿಂತಿದೆ ಎಂಬುದು ಹೀಗೆ ಒಂದು ಕಪಾಳಮೋಕ್ಷದೊಳಗೆ ಹೂತುಹೋಯಿತು.

ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು. ಅಪ್ಪ ಹೋದ ಮೇಲೆ ಮನೆ ಇಬ್ಭಾಗವಾಯಿತು. ಕುಲುಮೆಯ ಕೋಣೆಯೂ ಮುಂದಿನ ಮನೆಯೂ ಅಣ್ಣನಿಗೆ. ಅಂಗಳವೂ ಅದರ ಮೂಲೆಯ ಕೋಣೆಯೂ ಪಾಲಿಶ್ ಯಂತ್ರವೂ ಒಂಟಿಕಿವಿಗೆ. ಮಹಡಿಯ ಕೋಣೆಯಲ್ಲಿ ಸೋದರತ್ತೆ, ಅಪ್ಪನ ಅಕ್ಕ, ಯಾರ ಪಾಲಿಗೂ ಸೇರದೆ ಉಳಿದಳು. ಮನೆಗೂ ಅಂಗಳಕ್ಕೂ ನಡುವೆ ಇದ್ದ ಬಾಗಿಲಿಗೆ ಇಟ್ಟಿಗೆ ಕಟ್ಟಿದರು. ಗ್ಯಾಸ್ ಸಿಲಿಂಡರ್‌ಗಳು ಮಾತ್ರ ಅಂಗಳದಲ್ಲೇ ಉಳಿದವು, ಅವು ಒಳಗೆ ಇರಕೂಡದೆಂದು ಅಪ್ಪ ಇಬ್ಬರಿಗೂ ಹೊಡೆದು ಕಲಿಸಿದ್ದನಲ್ಲ. ಅಣ್ಣ ಎರಕ ಹೊಯ್ದ ನಲ್ಲಿ, ಹಿಡಿಕೆ, ಚಿಲಕಗಳನ್ನು ಬುಟ್ಟಿಯಲ್ಲಿ ತುಂಬಿ ಬೀದಿಯಿಂದ ಸುತ್ತಿ ಬಂದು ಅಂಗಳದ ಬಾಗಿಲಲ್ಲಿ ಕುಕ್ಕಿ ಹೋಗುವುದು. ತಮ್ಮ ಪಾಲಿಶ್ ಮಾಡಿ ಅದೇ ಬುಟ್ಟಿಯನ್ನು ಅಣ್ಣನ ಬಾಗಿಲಲ್ಲಿ ಕುಕ್ಕಿ ಬರುವುದು. ಇಬ್ಬರೂ ಒಬ್ಬರಿಲ್ಲದೆ ಒಬ್ಬರು ಬದುಕಲಾರರು, ಆದರೆ ಮುಖ ಮಾತ್ರ ನೋಡರು.

ಒಂಟಿಕಿವಿ ಅಂಗಳದಲ್ಲಿ, ಆ ಗೋಡೆಗೇ ಒತ್ತಿಕೊಂಡು, ಒಂದು ತಗಡಿನ ಶೆಡ್ ಹಾಕಿ ಯಂತ್ರ ಕೂರಿಸಿದ. ತಂಟೆ ಶುರುವಾದದ್ದು ಅಲ್ಲಿಂದ. ಅಣ್ಣ ಬರ್ನರ್ ಹೊತ್ತಿಸಿದರೆ ಮೇಲಿನ ಕಿಂಡಿಯಿಂದ ಬಿಸಿ ಗಾಳಿ, ಹಿತ್ತಾಳೆಯ ಬಿಳಿ ಹೊಗೆ, ಗಂಟಲು ಕೆರೆಯುವ ವಾಸನೆ ಎಲ್ಲ ತಮ್ಮನ ತಲೆಯ ಮೇಲೇ ಇಳಿಯುತ್ತಿತ್ತು. ಅವನು ಮೊದಲು ಗೋಣಿಚೀಲ ತುರುಕಿದ. ಅಣ್ಣ ಒಳಗಿನಿಂದ ಕೋಲು ಹಾಕಿ ನೂಕಿದ. ಅವನು ಇಟ್ಟಿಗೆ ತಂದ, ಸಿಮೆಂಟ್ ಕಲಸಿದ, ಮೇಲಿನ ಕಿಂಡಿಯನ್ನು ಮುಚ್ಚಿಬಿಟ್ಟ.

ಅಣ್ಣ ಬೀದಿಯಿಂದ ಸುತ್ತಿ ಬಂದ. ಕೈಯಲ್ಲಿ ಉದ್ದನೆಯ ಇಕ್ಕಳ.

"ಯಾರನ್ನ ಕೇಳಿ ಮುಚ್ಚಿದ್ಯೋ?"

"ನನ್ನ ಅಂಗಳ, ನನ್ನ ಗೋಡೆ. ನಿನ್ನ ಹೊಗೆ ನೀನೇ ಕುಡಿ."

ಮಾತು ಅಷ್ಟಕ್ಕೇ ಮುಗಿಯಿತು. ಇಕ್ಕಳ ಬಾಯಿಗೇ ಬಿತ್ತು. ಮುಂದಿನ ಹಲ್ಲೊಂದು ಮುರಿದು ನಾಲಗೆಯ ಮೇಲೆ ಕೂತಿತು. ಒಂಟಿಕಿವಿ ಅದನ್ನು ಉಗಿದು, ಕೈಗೆ ಸಿಕ್ಕ ಬಾಗಿಲ ಹಿಡಿಕೆಯಿಂದ ಅಣ್ಣನ ಮೊಣಕೈ ಮೇಲೆ ಬಾರಿಸಿದ. ಅಣ್ಣ ಅವನ ಕತ್ತು ಹಿಡಿದು ತಿರುಗುತ್ತಿದ್ದ ಪಾಲಿಶ್ ಚಕ್ರದ ಕಡೆಗೆ ತಳ್ಳಿದ. ಚಕ್ರ ಕೆನ್ನೆಯ ತೊಗಲು ಸವರಿಕೊಂಡು ಹೋಯಿತು. ಇಬ್ಬರೂ ನೆಲದ ಮೇಲೆ ಉರುಳಿ, ಹಿತ್ತಾಳೆಯ ಪುಡಿ ಮೆತ್ತಿಕೊಂಡು ಹೊಳೆಯುತ್ತಾ, ರಕ್ತ ಸುರಿಸುತ್ತಾ ಬಡಿದಾಡಿದರು. ಅತ್ತಿಗೆ ಓಡಿಬಂದು, ನಾಯಿಗಳ ಜಗಳ ಬಿಡಿಸುವಂತೆ ಒಂದು ಬಕೆಟ್ ನೀರು ಎರಚಿದಳು. ಆಮೇಲೇ ಬಿಟ್ಟರು.

"ಇನ್ನೊಂದ್ಸಲ ನಮ್ಮ ಹೊಸಿಲು ತುಳಿದ್ರೆ ನೋಡು," ಎಂದು ಅತ್ತಿಗೆ ಮೈದುನನಿಗೆ ಬೆರಳು ತೋರಿಸಿದಳು. ಅವಳದೇನೂ ಸಣ್ಣ ಕೈಯಲ್ಲ. ಆ ಮನೆಗೆ ಸೊಸೆಯಾಗಿ ಬಂದವಳು ಆ ಮನೆಯ ಭಾಷೆ ಕಲಿಯದೆ ಇರುತ್ತಾಳೆಯೇ?

ಮಾರನೆಯ ಬೆಳಿಗ್ಗೆ, ಬಾಯಿ ಊದಿಕೊಂಡಿದ್ದ ಒಂಟಿಕಿವಿ ಕೆಳಗಿನ ಕಿಂಡಿಯನ್ನೂ ಕಟ್ಟಲು ಕೂತ. ಅದರಿಂದ ಅವನಿಗೆ ಏನೂ ತೊಂದರೆ ಇರಲಿಲ್ಲ. ಅದು ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತಿತ್ತೇ ಹೊರತು ಹೊರಗೆ ಬಿಡುತ್ತಿರಲಿಲ್ಲ. ಆದರೂ ಒಂದೊಂದು ಇಟ್ಟಿಗೆ ಇಡುವಾಗಲೂ ಅವನಿಗೆ ಸುಖವಾಯಿತು. ಈ ಕಿಂಡಿಗಾಗಿಯೇ ತಾನೆ ತನ್ನ ಕಿವಿ ಹೋದದ್ದು? ಹಲ್ಲು ಮುರಿದದ್ದು ಅಣ್ಣನಾದರೂ, ಕರಣೆಯಿಂದ ಸಿಮೆಂಟ್ ಬಳಿಯುತ್ತಾ ಅವನು ಸೇಡು ತೀರಿಸಿಕೊಳ್ಳುತ್ತಿದ್ದದ್ದು ಸತ್ತ ಅಪ್ಪನ ಮೇಲೆ.

ಮಹಡಿಯ ಕಿಟಕಿಯಿಂದ ಸೋದರತ್ತೆ ಬಗ್ಗಿ ನೋಡಿದಳು. "ಲೋ, ಅದನ್ನ ಮುಚ್ಬೇಡ್ವೋ. ನಿಮ್ಮಪ್ಪ ಸುಮ್ಸುಮ್ನೆ ಹೊಡೀತಿರ್ಲಿಲ್ಲ."

"ಮತ್ತೆ ಯಾಕೆ ಹೊಡೀತಿದ್ದ? ಹೇಳಿ ಅತ್ತೆ, ಕೇಳ್ತೀನಿ."

ಮುದುಕಿಯ ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಕಿಟಕಿಯೂ ಮುಚ್ಚಿತು. ಒಂಟಿಕಿವಿ ಕೊನೆಯ ಇಟ್ಟಿಗೆ ಇಟ್ಟ.

ಗೋಡೆಯ ಆಚೆ ಅಣ್ಣನಿಗೆ ಕರಣೆಯ ಸದ್ದು ಕೇಳಿಸುತ್ತಲೇ ಇತ್ತು. ಹಸಿ ಸಿಮೆಂಟ್, ಒಂದು ಒದೆ ಕೊಟ್ಟಿದ್ದರೆ ಬೀಳುತ್ತಿತ್ತು. ಆದರೆ ಒದ್ದರೆ ತಮ್ಮನ ಗಾಳಿಗಾಗಿ ಬಾಯಿ ಬಿಟ್ಟಂತೆ ಆಗುವುದಿಲ್ಲವೇ? ಎದುರಾಳಿಗೆ ಅಪಶಕುನವಾಗಲಿ ಎಂದು ತನ್ನ ಮೂಗು ಕೊಯ್ದುಕೊಂಡ ಮಹಾರಾಯನ ವಂಶ ಅದು. ಅವನು ಒಳಗಿನಿಂದ ಎರಡೂ ಕಿಂಡಿಗಳಿಗೆ ತಗಡು ಹೊಡೆದು, ಕೇಳಲಿ ಎಂದೇ ಜೋರಾಗಿ ಕೂಗಿದ: "ನಿನ್ನ ಗಾಳಿ ಯಾರಿಗೋ ಬೇಕು?"

ಹೊಗೆ ಹೋಗಲು ಕುಲುಮೆಯ ಮೇಲೆ ತಗಡಿನ ಕೊಳವೆ ಇತ್ತು, ಮನೆಯ ಕಡೆಯ ಬಾಗಿಲು ಇತ್ತು. ಆ ಬಾಗಿಲು ತೆರೆದಿರುವವರೆಗೆ ಅಣ್ಣನ ಜೀವ ಹೇಗೋ ನಡೆಯಿತು. ಆದರೆ ಚಳಿ ಜೋರಾದಂತೆ, ಮನೆಯೆಲ್ಲ ವಾಸನೆ ಎಂದು ಅತ್ತಿಗೆ ಆ ಬಾಗಿಲನ್ನು ಎಳೆದುಕೊಳ್ಳತೊಡಗಿದಳು. ನೀಲಿಯಾಗಿ ಭೋರ್ಗರೆಯುತ್ತಿದ್ದ ಬರ್ನರ್ ಹಳದಿಯಾಗಿ ತೂಗಾಡತೊಡಗಿತು. ಮೂಸೆಗೆ ಮಸಿ ಹಿಡಿಯಿತು. ಒಂಟಿಕಿವಿಯ ಬಾಗಿಲಿಗೆ ಬರುವ ಎರಕದ ಮಾಲು ಹುಳು ಕೊರೆದಂತೆ ತೂತುತೂತು. ಎಷ್ಟು ಉಜ್ಜಿದರೂ ಹೊಳಪು ಹತ್ತದು. ಕುಡಿದು ಹೊಯ್ದಿದ್ದಾನೆ ಎಂದು ಅವನು ಬೈದುಕೊಂಡ.

ಅಣ್ಣ ಕುಡಿಯುತ್ತಾನೆ ಎಂದೇ ಬೀದಿಯೆಲ್ಲ ಹೇಳುತ್ತಿತ್ತು. ಬುಟ್ಟಿ ತಂದಿಡುವಾಗ ಕಾಲು ತಡವರಿಸುತ್ತಿತ್ತು, ಒಮ್ಮೆ ಬೀದಿಯ ಮಧ್ಯೆ ಕೂತು ವಾಂತಿ ಮಾಡಿಕೊಂಡ. ತಲೆ ಸಿಡಿಯುತ್ತದೆ ಎಂದು ಹೆಂಡತಿಯ ಮೇಲೆ ತಟ್ಟೆ ಎಸೆದ. ಕನ್ನಡಿ ಒಡೆದ. ಮೊದಲು ವಾರಕ್ಕೊಂದು ಇದ್ದ ಏಟು ದಿನಕ್ಕೊಂದಾಯಿತು. ಅತ್ತಿಗೆಯ ತೋಳಿನ ಮೇಲೆ ನೀಲಿ ಗುರುತುಗಳನ್ನು ನೋಡಿ ಒಂಟಿಕಿವಿಗೆ ಒಂದು ಕ್ಷಣ ಕರುಳು ಚುರುಕ್ ಎನ್ನುತ್ತಿತ್ತು, ಆಮೇಲೆ ತನ್ನ ಮುರಿದ ಹಲ್ಲು ನಾಲಗೆಗೆ ತಾಗುತ್ತಿತ್ತು, ಕರುಳು ಸುಮ್ಮನಾಗುತ್ತಿತ್ತು. ಅನುಭವಿಸಲಿ, ಎಂದುಕೊಂಡ. ನಿಜ ಹೇಳಬೇಕೆಂದರೆ ಗೋಡೆಯ ಆಚೆಯ ಜಗಳ ಅವನಿಗೆ ಹಬ್ಬವೇ ಆಗಿತ್ತು. ಯಂತ್ರ ನಿಲ್ಲಿಸಿ, ಒಳ್ಳೆಯ ಕಿವಿಯನ್ನು ಗೋಡೆಗೆ ಕೊಟ್ಟು ಕೇಳುತ್ತಿದ್ದ.

ಆ ದಿನ ಮಧ್ಯಾಹ್ನವೂ ಹಾಗೆಯೇ ಕೇಳುತ್ತಿದ್ದ.

"ನೆಟ್ಟಗೆ ನಿಂತ್ಕೊಳ್ಳಕ್ಕಾಗಲ್ಲ, ಕರಗಿದ ಮೂಸೆ ಎತ್ತಕ್ಕೆ ಹೋಗ್ತೀರಲ್ಲ," ಎಂದಿತು ಅತ್ತಿಗೆಯ ದನಿ. "ಬೆಳಿಗ್ಗೆನೇ ಏರಿಸಿದ್ದೀರಾ?"

"ಕುಡಿದಿಲ್ಲ ಕಣೇ." ಅಣ್ಣನ ನಾಲಗೆ ದಪ್ಪವಾಗಿತ್ತು.

"ಹೌದೌದು, ಹಾಲು ಕುಡಿದಿದ್ದೀರಿ."

ಛಟೀರ್ ಎಂದು ಏಟು ಬಿತ್ತು. ಅತ್ತಿಗೆ ಈ ಸಲ ಅಳಲಿಲ್ಲ. ಏನೋ ಭಾರವಾದದ್ದು ನೆಲಕ್ಕೆ ಬಿದ್ದ ಸದ್ದಾಯಿತು. ಅವಳು ಗಂಡನನ್ನು ತಳ್ಳಿದ್ದಳು. ಬಾಗಿಲು ಧಡಾರನೆ ಮುಚ್ಚಿತು, ಹೊರಗಿನ ಅಗುಳಿ ಬಿತ್ತು. "ಇಳಿಯೋವರೆಗೂ ಅಲ್ಲೇ ಬಿದ್ದಿರಿ," ಎಂದು ಅವಳು ಕೂಗಿದಳು. "ಇವತ್ತು ನಾನೂ ನೋಡೇಬಿಡ್ತೀನಿ."

ಭೇಷ್ ಅತ್ತಿಗೆ, ಎಂದುಕೊಂಡ ಒಂಟಿಕಿವಿ. ಅಣ್ಣ ಬಾಗಿಲು ಬಡಿಯತೊಡಗಿದ. ಬಡಿಯಲಿ. ಅವನು ಯಂತ್ರ ಹಾಕಿ ಒಂದು ನಲ್ಲಿ ಎತ್ತಿಕೊಂಡ, ಅದರ ಕತ್ತನ್ನು ಚಕ್ರಕ್ಕೆ ಕೊಟ್ಟ, ಗುನುಗಿದ ಕೂಡ. ಅದು ಮುಗಿದು ಇನ್ನೊಂದನ್ನು ಎತ್ತಿಕೊಳ್ಳುವಾಗ, ಹೊಸ ಬೈಗುಳ ಏನಾದರೂ ಬಂತೇ ಎಂದು ಯಂತ್ರ ನಿಲ್ಲಿಸಿದ.

ಬಡಿತ ನಿಂತಿತ್ತು. ಬೈಗುಳವೂ ಇಲ್ಲ. ಅವನು ಬಲಗಿವಿಯನ್ನು ಗೋಡೆಗೆ ಒತ್ತಿದ. ಬರ್ನರ್ ಉರಿಯುತ್ತಿತ್ತು, ಆದರೆ ಆ ಸದ್ದು ಸರಿಯಿರಲಿಲ್ಲ. ಭೋರ್ ಎನ್ನಬೇಕಾದದ್ದು ಒದ್ದೆ ಬಟ್ಟೆ ಒದರಿದಂತೆ ಲಪ್, ಲಪ್ ಎನ್ನುತ್ತಿತ್ತು.

ಅವನ ಎಡಗೆನ್ನೆ ತಾನಾಗಿಯೇ ಬಿಗಿಯಿತು. ಅಪ್ಪ ಇದ್ದಾಗ ಬರ್ನರ್ ಹೀಗೆ ಸದ್ದು ಮಾಡಿದರೆ ಹತ್ತಿರ ಇದ್ದವನಿಗೆ ಏಟು ಗ್ಯಾರಂಟಿ. ಆ ಏಟು ಅವನಿಗೆ ಚೆನ್ನಾಗಿ ನೆನಪಿತ್ತು, ಇಷ್ಟು ವರ್ಷ ಅದೊಂದೇ ನೆನಪಿತ್ತು. ಏಟು ಕೊಟ್ಟ ಮೇಲೆ ಅಪ್ಪ ಏನು ಮಾಡುತ್ತಿದ್ದ? ಓಡುತ್ತಿದ್ದ. ಕಿಂಡಿಗೆ ಓಡುತ್ತಿದ್ದ. ಮಂಡಿಯೂರಿ, ಬಟ್ಟೆಯ ಚೂರು ಹಿಡಿದು, ಅದು ಒಳಕ್ಕೆ ಹಾರುವವರೆಗೆ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಆಗ ಅವನ ಮುಖದಲ್ಲಿ ಇದ್ದದ್ದು ಸಿಟ್ಟಲ್ಲ. ಹೆದರಿಕೆ.

ಒಂಟಿಕಿವಿ ತಾನೇ ಕಟ್ಟಿದ ಇಟ್ಟಿಗೆಗಳನ್ನು ನೋಡಿದ.

"ಅಣ್ಣಾ," ಎಂದು ಗೋಡೆಗೆ ಗುದ್ದಿದ. "ಅಣ್ಣಾ, ಬೈಯೋ. ಏನಾದ್ರೂ ಬೈಯೋ."

ಅವನು ಸಿಲಿಂಡರ್ ಹತ್ತಿರ ಓಡಿ ವಾಲ್ವ್ ತಿರುಗಿಸಿದ. ಲಪ್‌ಲಪ್ ಸದ್ದು ಸತ್ತಿತು. ಆದರೆ ಒಳಗೆ ತುಂಬಿದ್ದು ಒಳಗೇ ಇತ್ತು, ಅದರ ಜೊತೆಗೆ ಅಣ್ಣನೂ ಇದ್ದ. ದೊಡ್ಡ ಸುತ್ತಿಗೆ ಎತ್ತಿಕೊಂಡ. ಗೋಡೆ ಒಡೆಯುವುದಕ್ಕಿಂತ ಬಾಗಿಲು ತೆಗೆಯುವುದು ಬೇಗ ಎಂದು ತೋರಿ ಬೀದಿಯಿಂದ ಸುತ್ತಿ ಓಡಿದ.

ಅತ್ತಿಗೆ ಬೀದಿ ಬಾಗಿಲಲ್ಲೇ ನಿಂತಿದ್ದಳು, ಕೆನ್ನೆ ಊದಿತ್ತು. ಅವಳು ಕಂಡದ್ದೇನು? ಹಲ್ಲು ಮುರಿಸಿಕೊಂಡ ಮೈದುನ ಕಣ್ಣು ಕೆಂಪಗೆ ಮಾಡಿಕೊಂಡು, ಗೋಡೆ ಒಡೆಯುವ ಸುತ್ತಿಗೆ ಹಿಡಿದು, ಗಂಡ ನೆಲಕ್ಕೆ ಬಿದ್ದ ಹೊತ್ತು ನೋಡಿ ನುಗ್ಗಿ ಬರುತ್ತಿದ್ದಾನೆ. ಅವಳ ಕೈಯಲ್ಲಿ ಕುಲುಮೆ ಕೆದಕುವ ಕಬ್ಬಿಣದ ಕೋಲು ಇತ್ತು.

"ಅತ್ತಿಗೆ, ಬಾಗಿಲು ತೆಗೀರಿ, ಅಣ್ಣನಿಗೆ ಗಾಳಿ—"

ಕೋಲು ಅವನ ಹುಬ್ಬಿನ ಮೇಲೆ ಬಿತ್ತು. ಕಣ್ಣಿಗೆ ರಕ್ತ ಇಳಿಯಿತು. "ಕೊಲ್ಲಕ್ಕೆ ಬಂದ್ಯಾ? ಬಾ, ನನ್ನ ಮೊದಲು ಕೊಲ್ಲು," ಎಂದು ಅವಳು ಇನ್ನೊಂದು ಎತ್ತಿದಳು. ಅವನು ತೋಳು ಅಡ್ಡ ಹಿಡಿದ. ಮೂಳೆ ಟಕ್ ಎಂದಿತು. ಸುತ್ತಿಗೆ ಕೆಳಗೆ ಹಾಕಿದ್ದರೆ ಅವಳು ಕೇಳುತ್ತಿದ್ದಳೋ ಏನೋ. ಅದು ಅವನಿಗೆ ಹೊಳೆಯಲಿಲ್ಲ, ಆ ಮನೆಯಲ್ಲಿ ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಮಾತಾಡಿದವರನ್ನು ಅವನು ನೋಡಿರಲಿಲ್ಲ. ಅವನ ಬಾಯಿಂದ ಗಾಳಿ, ಗಾಳಿ ಎಂಬುದು ಬಿಟ್ಟು ಬೇರೆ ಮಾತು ಹೊರಡಲಿಲ್ಲ. ಬಾಗಿಲು ಮುಖದ ಮೇಲೇ ಮುಚ್ಚಿತು.

ಅವನು ತಿರುಗಿ ಅಂಗಳಕ್ಕೆ ಓಡಿದ.

ಮೊದಲ ಪೆಟ್ಟು ಕೆಳಗಿನ ಕಿಂಡಿಯ ಮೇಲೆ. ತಾನು ಸುಖವಾಗಿ ಬಳಿದಿದ್ದ ಸಿಮೆಂಟ್ ಈಗ ಕಲ್ಲಾಗಿತ್ತು. ಬೀದಿಯಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ಕಟ್ಟುವುದಿಲ್ಲ, ಕೆಲಸಗಾರ ಮಗ, ಎಂದು ತನ್ನನ್ನೇ ಬೈದುಕೊಂಡು ಬಾರಿಸಿದ. ಏಟು ಬಿದ್ದ ತೋಳು ಪ್ರತಿ ಪೆಟ್ಟಿಗೂ ಚೀರುತ್ತಿತ್ತು. ಒಂದು ಇಟ್ಟಿಗೆ ಬಿರಿಯಿತು, ಇನ್ನೊಂದು ಒಳಗೆ ಬಿತ್ತು, ಅದರ ಹಿಂದೆ ಅಣ್ಣ ಹೊಡೆದ ತಗಡು ಗಣ್ ಎಂದಿತು. ಒಬ್ಬನ ಹಟದ ಹಿಂದೆ ಇನ್ನೊಬ್ಬನ ಹಟ. ತಗಡಿಗೂ ಬಾರಿಸಿದ. ಗೋಡೆಗೇ ಬಾರಿಸಿದ. ಮಹಡಿಯ ಕಿಟಕಿ ತೆರೆದು ಸೋದರತ್ತೆ ಯಾವುದೋ ಹೆಸರು ಹಿಡಿದು ಅಳುತ್ತಿದ್ದಳು. ಅದು ಅವನ ಹೆಸರೂ ಅಲ್ಲ, ಅಣ್ಣನ ಹೆಸರೂ ಅಲ್ಲ.

ಒಳಗೆ ಅತ್ತಿಗೆಗೆ ಸುತ್ತಿಗೆಯ ಸದ್ದು ಕೇಳಿಸಿತು. ಗೋಡೆ ಒಡೆದು ಬಂದು, ಬಿದ್ದಿರುವ ಗಂಡನ ತಲೆ ಜಜ್ಜುತ್ತಾನೆ ಎಂದೇ ಅವಳು ತಿಳಿದಳು. ಗಂಡ ಎಷ್ಟೇ ಹೊಡೆಯಲಿ, ಅವನನ್ನು ಇನ್ನೊಬ್ಬ ಕೊಲ್ಲುವುದನ್ನು ನೋಡುತ್ತಾ ಕೂರುವ ಹೆಂಗಸಲ್ಲ ಅವಳು. ಕೋಲು ಹಿಡಿದೇ ಓಡಿ ಅಗುಳಿ ತೆಗೆದಳು, ಬಾಗಿಲನ್ನು ಒದ್ದು ತೆರೆದಳು. ಅದೇ ಹೊತ್ತಿಗೆ ತಗಡು ಕಿತ್ತು ಬಿದ್ದು, ಅಂಗಳದ ಚಳಿಗಾಳಿ ಕೆಳಗಿನಿಂದ ನುಗ್ಗಿ ಕೋಣೆಯನ್ನು ಹಾದು ಮನೆಯೊಳಗೆ ಹೊರಟಿತು. ಅಣ್ಣನ ಪ್ರಾಣ ಉಳಿದದ್ದು ಹೀಗೆ, ಅರ್ಧ ತಮ್ಮನ ಸುತ್ತಿಗೆಯಿಂದ, ಅರ್ಧ ಆ ಸುತ್ತಿಗೆಯ ಭಯದಿಂದ.

ಒಂಟಿಕಿವಿ ತೂತಿನೊಳಗೆ ತೂರಿದ. ಇಟ್ಟಿಗೆಯ ಅಂಚು ಬೆನ್ನು ಸಿಗಿಯಿತು. ಅವನು ಅಣ್ಣನ ಕಾಲು ಹಿಡಿದು ಎಳೆಯಹೊರಟರೆ, ಅತ್ತಿಗೆ ತೋಳು ಹಿಡಿದು ಎಳೆಯುತ್ತಾ, ಇನ್ನೊಂದು ಕೈಯಿಂದ ಮೈದುನನ ತಲೆಗೆ ಕೋಲು ಬೀಸುತ್ತಿದ್ದಳು.

"ಹೊರಗೆ ಎಳೀರಿ ಅತ್ತಿಗೆ. ಆಮೇಲೆ ಹೊಡೀರಿ. ಎಷ್ಟು ಬೇಕಾದ್ರೂ ಹೊಡೀರಿ."

ಆಗ ಅವಳು ಅವನ ಮುಖವನ್ನು ನೋಡಿದಳು. ಕೋಲು ಕೆಳಗೆ ಬಿತ್ತು.

ಬೀದಿಯ ಕಲ್ಲಿನ ಮೇಲೆ ಮಲಗಿಸಿದಾಗ ಅಣ್ಣನ ಮುಖ ಹದಿನಾರರ ಹುಡುಗನ ಹಾಗೆ ಕೆಂಪಗೆ ಇತ್ತು. "ಚೆನ್ನಾಗೇ ಇದ್ದಾನಲ್ಲ, ಅಮಲು," ಎಂದ ಪಕ್ಕದಂಗಡಿಯವನು. ಒಂಟಿಕಿವಿ ಅವನ ಎದೆಗೆ ಒದ್ದು ದೂರ ತಳ್ಳಿದ. ಆಮೇಲೆ ಅಣ್ಣನ ಮೇಲೆ ಕೂತು ಅವನ ಕೆನ್ನೆಗೆ ಬಾರಿಸಿದ. ಬಲಗೆನ್ನೆ, ಎಡಗೆನ್ನೆ, ಅಪ್ಪ ಹೊಡೆದಂತೆ, ಕೈಯೆತ್ತಿ ಎತ್ತಿ ಬಾರಿಸಿದ. "ಏಳೋ. ಏಳೋ ಅಣ್ಣ. ಎದ್ದು ನನ್ನ ಇನ್ನೊಂದು ಹಲ್ಲು ಮುರಿಯೋ." ಅವನು ಅಳುತ್ತಿದ್ದ, ಹುಬ್ಬಿನ ರಕ್ತವೂ ಕಣ್ಣೀರೂ ಅಣ್ಣನ ಅಂಗಿಯ ಮೇಲೆ ತೊಟ್ಟಿಕ್ಕುತ್ತಿದ್ದವು. ಕೊನೆಗೆ ಅಣ್ಣ ಒಂದು ಸಲ ಮೈಯೆಲ್ಲ ಕೊಡವಿ, ವಾಂತಿ ಮಾಡಿ, ಉಸಿರೆಳೆದ.

ಆಸ್ಪತ್ರೆಯಲ್ಲಿ ಮೂಗಿಗೆ ಆಮ್ಲಜನಕದ ಕೊಳವೆ ಹಾಕಿದರು. ಗಾಳಿ ಸಾಲದೆ ಉರಿದ ಗ್ಯಾಸ್ ವಿಷ ಬಿಡುತ್ತದೆ, ಆ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಎಂದು ಡಾಕ್ಟರ್ ಹೇಳಿದರು. ತಲೆನೋವು, ವಾಂತಿ, ಕಾಲು ತಡವರಿಸುವುದು, ಕಾರಣವಿಲ್ಲದ ಸಿಟ್ಟು, ಎಲ್ಲ ಅದರಿಂದಲೇ ಇರಬಹುದು. ರಕ್ತದಲ್ಲಿ ಮದ್ಯದ ಹನಿಯೂ ಇಲ್ಲ.

"ಕುಡಿದಿರ್ಲಿಲ್ವಾ?" ಎಂದಳು ಅತ್ತಿಗೆ. "ಕುಡಿದಿಲ್ಲ ಅಂತ ಹೇಳ್ತಾನೇ ಇದ್ರು. ನಾನೇ ಅಗುಳಿ ಹಾಕ್ದೆ." ಅವಳು ಗೋಡೆಗೆ ಹಣೆ ಚಚ್ಚಿಕೊಂಡಳು, ಒಂಟಿಕಿವಿ ಮುರಿಯದೆ ಉಳಿದ ಕೈಯನ್ನು ಗೋಡೆಗೂ ಅವಳ ಹಣೆಗೂ ನಡುವೆ ಇಟ್ಟ.

ಸೋದರತ್ತೆ ಬೆಂಚಿನ ಮೇಲೆ ಕೂತಿದ್ದಳು. ಯಾರೂ ಕೇಳದೆಯೇ ಹೇಳಿದಳು: "ನಿಮ್ಮಪ್ಪನಿಗೆ ಒಬ್ಬ ತಮ್ಮ ಇದ್ದ."

ಒಂಟಿಕಿವಿ ತಲೆ ತಿರುಗಿಸಿ ಒಳ್ಳೆಯ ಕಿವಿ ಕೊಟ್ಟ.

"ಗ್ಯಾಸ್ ಹೊಸದಾಗಿ ಬಂದಿತ್ತು. ಚಳಿ ಅಂತ ಅವನು ಕೋಣೆ ಸಂದಿಗೊಂದಿಗೆಲ್ಲ ಬಟ್ಟೆ ತುರುಕಿ ಕೆಲಸಕ್ಕೆ ಕೂತ. ಆಗ ಕಿಂಡಿ ಎಲ್ಲಿತ್ತು? ನಿಮ್ಮಪ್ಪ ಹೋಗಿ ನೋಡಿದ್ರೆ ಇಕ್ಕಳ ಹಿಡ್ಕೊಂಡೇ ಕೂತಿದ್ದ, ಮುಖ ಕೆಂಪಗೆ. ನಿದ್ದೆ ಮಾಡ್ತಿದ್ದಾನೆ ಅಂತ ನಿಮ್ಮಪ್ಪ ಬೈದ. ಹೊಡೆದ. ಆಮೇಲೆ ಗೊತ್ತಾಯ್ತು." ಮುದುಕಿ ಮೂಗು ಒರೆಸಿಕೊಂಡಳು. "ಹೆಣ ಹೋದ ಮಾರನೇ ದಿನವೇ ಗೋಡೆ ಒಡೆದು ಆ ಎರಡು ಕಿಂಡಿ ಮಾಡಿದ. ಅವನ ಹೆಸರು ಎತ್ತಿದ್ರೆ ನಿಮ್ಮಪ್ಪನಿಗೆ ಗಂಟಲು ಕಟ್ಟೋದು. ಕೈ ಒಂದೇ ಆಡ್ತಿತ್ತು."

"ನೀವಾದ್ರೂ ಹೇಳ್ಬೋದಿತ್ತಲ್ಲ ಅತ್ತೆ. ನಾನು ಇಟ್ಟಿಗೆ ಇಡ್ವಾಗ ಕೇಳ್ದೆನಲ್ಲ."

"ಆ ಮಾತು ಬಾಯಿಂದ ಬರ್ಬಾರ್ದು ಅಂತ ನನಗೂ ಹೊಡೆದಿದ್ದ ಕಣೋ," ಎಂದಳು ಸೋದರತ್ತೆ.

ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅಣ್ಣ ಮನೆಗೇನೋ ಬಂದ, ಆದರೆ ಮೊದಲಿನ ಅಣ್ಣನಾಗಿ ಬರಲಿಲ್ಲ. ಕಾಲು ಎಳೆಯುತ್ತಿದ್ದ. ಕರಗಿದ ಹಿತ್ತಾಳೆ ತುಂಬಿದ ಮೂಸೆಯನ್ನು ಒಂದು ಹನಿ ತುಳುಕದಂತೆ ಎತ್ತುತ್ತಿದ್ದ ಕೈಗಳು ಈಗ ಲೋಟ ಹಿಡಿದರೆ ನೀರು ಅಂಗಿಗೆ. ಬಿಸಿಲಿಗೆಂದು ಅವನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸುತ್ತಿದ್ದರು. ಇಟ್ಟಿಗೆ ಕಟ್ಟಿದ್ದ ನಡುಬಾಗಿಲನ್ನು ಒಡೆದು ತೆಗೆದಾಗಿತ್ತು. ತಗಡಿನ ಶೆಡ್ ಅಂಗಳದ ಇನ್ನೊಂದು ಮೂಲೆಗೆ ಹೋಗಿತ್ತು. ತೋಳಿನ ಪಟ್ಟಿ ಬಿಚ್ಚಿದ ಮೇಲೆ ಒಂಟಿಕಿವಿ ಗೋಡೆಯ ಕೆಲಸಕ್ಕೆ ಕೂತ. ಕೆಳಗಿನ ಕಿಂಡಿಯ ಅಂಚು ಸರಿಮಾಡಿ ಹೊಸ ಬಲೆ ಹೊಡೆದ. ಏಣಿ ಹತ್ತಿ ಮೇಲಿನ ಕಿಂಡಿಯ ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದ.

ಅಣ್ಣ ಸುಮ್ಮನೆ ನೋಡುತ್ತಿದ್ದ. ಒಂಟಿಕಿವಿ ಏಣಿಯಿಂದ ಇಳಿದಾಗ ಕೈಸನ್ನೆ ಮಾಡಿ ಕರೆದ.

"ಕೆಳಗಿಂದು... ಯಾಕೋ ಮುಚ್ಚಿದೆ? ಅದು ನಿನಗೇನು ಮಾಡಿತ್ತು?" ಒಂದೊಂದು ಮಾತೂ ತಡೆದು ತಡೆದು ಬಂತು.

"ಅಪ್ಪ ಹೊಡೆದಿದ್ನಲ್ಲ," ಎಂದ ಒಂಟಿಕಿವಿ. "ಅದಕ್ಕೇ ಮುಚ್ಚಿದೆ."

ಅಣ್ಣನ ಕೈ ಎದ್ದಿತು. ಹಲ್ಲು ಮುರಿದ ಅದೇ ಬಲಗೈ. ಎದ್ದು, ನಡುಗುತ್ತಾ, ಎಲ್ಲಿಗೆ ಹೊರಟಿದ್ದೇನೆ ಎಂಬುದು ಮರೆತಂತೆ ಅರ್ಧದಲ್ಲೇ ನಿಂತು, ಇಳಿಯತೊಡಗಿತು. ಅದನ್ನು ನೋಡುವುದಕ್ಕಿಂತ ಏಟು ತಿನ್ನುವುದು ಎಷ್ಟೋ ವಾಸಿಯಾಗಿತ್ತು. ಒಂಟಿಕಿವಿ ಮಂಡಿಯೂರಿ ಕೂತು, ತನ್ನ ಕೆನ್ನೆಯನ್ನು ಆ ಕೈ ಮುಟ್ಟುವ ಹಾಗೆ ಹತ್ತಿರ ತಂದ. ಕೈ ಬಂದು ಕೆನ್ನೆಯ ಮೇಲೆ ಬಿತ್ತು. ಹೊಡೆಯುವ ಶಕ್ತಿ ಅದಕ್ಕಿರಲಿಲ್ಲ, ತೆಗೆಯುವ ಶಕ್ತಿಯೂ ಇರಲಿಲ್ಲ, ಅಲ್ಲೇ ಉಳಿಯಿತು.

ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಅವನ ಮುಖವನ್ನು ಮೆಲ್ಲಗೆ ಪಕ್ಕಕ್ಕೆ ತಿರುಗಿಸಿದ, ಒಳ್ಳೆಯ ಕಿವಿ ತನ್ನ ಕಡೆ ಬರುವ ಹಾಗೆ.

"ಮೇಲಿಂದು ಸಣ್ಣದಾಯ್ತು. ಇನ್ನೊಂದು ಇಟ್ಟಿಗೆ ತೆಗಿ."

"ಆಯ್ತು," ಎಂದು ಒಂಟಿಕಿವಿ ಏಳಹೊರಟ. ಅಣ್ಣ ಬಿಡಲಿಲ್ಲ.

"ಯಾಕೆ ಅಂತ ಕೇಳು."

ಆ ಮನೆಯಲ್ಲಿ ಯಾರೂ ಯಾರಿಗೂ ಆ ಮಾತು ಹೇಳಿರಲಿಲ್ಲ. ಒಂಟಿಕಿವಿಯ ಗಂಟಲು ಕಟ್ಟಿತು, ಅಪ್ಪನಿಗೆ ಕಟ್ಟುತ್ತಿದ್ದ ಹಾಗೆಯೇ. ಆದರೂ ಕೇಳಿದ. "ಯಾಕಣ್ಣ?"

"ಎಣ್ಣೆ ಡಬ್ಬಕ್ಕೆ ಎರಡು ತೂತು ಹೊಡೀತೀವಲ್ಲ," ಎಂದ ಅಣ್ಣ. ನಡುವೆ ನಿಂತು ಉಸಿರೆಳೆದುಕೊಂಡ. "ಒಂದೇ ಹೊಡೆದ್ರೆ ಎಣ್ಣೆ ಬರಲ್ಲ. ಹಾಗೇ ಇದು. ಕಾದ ಗಾಳಿ ಮೇಲಿಂದ ಹೋದ್ರೆ ತಾನೆ ಕೆಳಗಿಂದ ಹೊಸದು ಬರೋದು."